ಬರೀ ಬೆಳಕಿನ ಫೋಟೋ

ಫೋಟೋ ತೆಗೆಯುವವರೆಲ್ಲ ಸುಳ್ಳರು ಎಂದರೆ ನನ್ನ ಕಸುಬಿನವರು ಜಗಳಕ್ಕೆ ಬಂದಾರು. ಅದಕ್ಕೇ ನನ್ನೊಬ್ಬನ ಪಾಪವನ್ನಷ್ಟೇ ಒಪ್ಪಿಕೊಳ್ಳುತ್ತೇನೆ. ತೊಂಬತ್ತರ ದಶಕದಲ್ಲಿ ಸವದತ್ತಿಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಒಂದು ರೀಲಿಗೆ ಮೂವತ್ತಾರೇ ಫೋಟೋ. ಮದುವೆಮನೆಯಲ್ಲಿ ಫೋಟೋ ಬೇಕೆನ್ನುವವರು ಊರು ತುಂಬ. ವರನ ಸೋದರಮಾವನ ಷಡ್ಡಕನೂ ಟೊಪ್ಪಿಗೆ ಸರಿಮಾಡಿಕೊಂಡು ಎದುರಿಗೆ ನಿಂತರೆ ಮಾಡುವುದೇನು? ರೀಲು ಮುಟ್ಟದೆ ಫ್ಲ್ಯಾಶಿನ ಗುಂಡಿಯನ್ನಷ್ಟೇ ಒತ್ತುವುದು. ಫಳ್ ಎಂದು ಬೆಳಕು ಬೀಳುತ್ತದೆ, ಅವರು ಖುಷಿಯಿಂದ ಊಟಕ್ಕೆ ನಡೆಯುತ್ತಾರೆ.

ಹೀಗೆ ಉಳಿಸಿದ ರೀಲೆಲ್ಲ ಮಲಪ್ರಭೆಯ ಹಿನ್ನೀರಿನ ಕೊಕ್ಕರೆಗಳ ಪಾಲಾಗುತ್ತಿತ್ತು. "ಮಂದಿ ಮಾರಿ ಬಿಟ್ಟು ಕೊಕ್ಕರಿ ಮಾರಿ ತಗೀತೀರಲ್ರಿ, ಕೊಕ್ಕರಿ ಬಂದು ಆಲ್ಬಮ್ ಒಯ್ತಾವೇನು?" ಎಂದು ಹೆಂಡತಿ ಕೇಳುತ್ತಿದ್ದಳು. ನನಗಿದ್ದದ್ದು ಒಂದೇ ಹುಚ್ಚು: ಬಣ್ಣದ ಕೊಕ್ಕರೆಗಳ ಇಡೀ ಹಿಂಡು ಒಮ್ಮೆಲೇ ನೀರು ಬಿಟ್ಟು ಏಳುವ ಫೋಟೋ. ಮೂರು ಚಳಿಗಾಲ ಬೆನ್ನುಹತ್ತಿದರೂ ಸಿಕ್ಕಿದ್ದು ಕೆಸರು ಮತ್ತು ನೆಗಡಿ.

ಮನೋಳಿಯಲ್ಲಿ ಒಂದು ಮದುವೆ ಮುಗಿಸಿದ ಮರುದಿನ ಬೆಳಿಗ್ಗೆ ಹಿನ್ನೀರಿನ ದಂಡೆಯಲ್ಲಿ ಜೊಂಡಿನ ನಡುವೆ ಹೊಟ್ಟೆಯ ಮೇಲೆ ತೆವಳುತ್ತಿದ್ದೆ. ಹಿಂದಿನಿಂದ ದನಿ ಬಂತು: "ಯಾಂವಪಾ ಅಂವಾ? ಹಂಗ ತೆವಳಬ್ಯಾಡ, ನರಿ ಅಂತ ಹೆದರತಾವ. ಹೊಲಕ್ಕ ಹೊಂಟವರಂಗ ನೆಟ್ಟಗ ನಡಿ." ತಿರುಗಿ ನೋಡಿದರೆ ಹಳದಿ ರುಮಾಲಿನ ಅಜ್ಜ. ಹಿಂದಿನ ದಿನ ಮದುವೆಯಲ್ಲಿ ಮೀಸೆ ತೀಡಿಕೊಂಡು ನಿಂತಿದ್ದವರು, ನಾನು ಬರೀ ಬೆಳಕು ಹೊಡೆದು ಕಳಿಸಿದ್ದವರು! ಅವರ ಹೊಲ ಆ ದಂಡೆಗೇ ಇತ್ತು.

ನೆಟ್ಟಗೆ ನಡೆದೆ. ಏನಾಶ್ಚರ್ಯ, ಒಂದು ಹಕ್ಕಿಯೂ ಕದಲಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನೂರಾರು ಕೊಕ್ಕರೆಗಳು, ಬಾಲದ ಬಳಿ ಗುಲಾಬಿ ಬಣ್ಣ ಸವರಿಕೊಂಡು, ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಲ್ಲಿಟ್ಟು ನಿಂತಿದ್ದವು. "ಕಾಲು ನೋಡು," ಅಂದರು ಅಜ್ಜ, "ಕಾಲಾಡಿಸಿ ಮೀನ ಎಬ್ಬಸ್ತಾವ." ನನ್ನ ಬಾಯಿಯೂ ಕೊಕ್ಕಿನಂತೆ ಅರ್ಧ ತೆರೆದೇ ಇತ್ತು. ಜೊಂಡಿನ ಹೂವು, ನೀರಿಗೆ ಬಾಗಿದ ಜಾಲಿ, ಮೀನು ನುಂಗುವ ಕೊಕ್ಕರೆ ಎಂದು ಫ್ಲ್ಯಾಶಿಲ್ಲದೆ ಬಿಸಿಲಲ್ಲೇ ಹೊಡೆದದ್ದೇ ಹೊಡೆದದ್ದು. ಎಚ್ಚರಾದಾಗ ಉಳಿದದ್ದು ಒಂದೇ ಫೋಟೋ. ಅದನ್ನು ಹಿಂಡು ಏಳುವ ಗಳಿಗೆಗೆಂದು ಕಾದಿಟ್ಟೆ.

ಅಜ್ಜ ಎಲೆಯಡಿಕೆ ಮೆಲ್ಲುತ್ತ ಅಂದರು: "ಒಂದ ಮಾತ ಕೇಳ್ಲೇನು, ತಮ್ಮಾ? ಮದಿಮಕ್ಕಳದು ಹೊಡದ ಮ್ಯಾಲ ಸಾರಿಸಾರಿಗೆ ಹೆಬ್ಬೆಟ್ಟಲೆ ಆ ಕಡ್ಡಿ ತಿರವತಿದ್ದಿ. ನಂದು ಹೊಡದ ಮ್ಯಾಲ ತಿರವಲಿಲ್ಲ. ಯಾಕ?"

ಕೊಕ್ಕರೆಯ ಕಾಲು ನೋಡಿ ಪಳಗಿದ ಕಣ್ಣು ನನ್ನ ಹೆಬ್ಬೆರಳನ್ನು ಬಿಟ್ಟೀತೇ! ಆ ಕಡ್ಡಿ ತಿರುವಿದರೇ ರೀಲು ಮುಂದೆ ಸರಿಯುವುದು. ನಾಚಿಕೊಂಡು, ಒರೆಸಿದ್ದ ಲೆನ್ಸನ್ನೇ ಮತ್ತೆ ಒರೆಸತೊಡಗಿದೆ.

"ಅದಿರ್ಲಿ, ಈಗ ಏಳ್ತಾವ ನೋಡು, ತಯಾರಾಗು," ಅಂದರು.

ಅಯ್ಯೋ ನನ್ನ ಕರ್ಮವೇ, ಮೂರು ಚಳಿಗಾಲ! ಹಕ್ಕಿಗಳ ಕಡೆ ನೋಡಿದೆ, ಅಜ್ಜನ ಕಡೆ ನೋಡಿದೆ. "ಅಜ್ಜಾರ, ನೀವು ಹಂಗ ನಿಂದರ್ರಿ," ಎಂದು ಹಿಂಡಿಗೆ ಬೆನ್ನು ಹಾಕಿ ಅವರದನ್ನೇ ಹೊಡೆದೆ.

ಬೆನ್ನ ಹಿಂದೆ ಧೋ ಎಂದು ಸದ್ದಾಯಿತು. ತಿರುಗಿದರೆ ನೀರೇ ಎದ್ದು ಆಕಾಶಕ್ಕೆ ಹೊರಟಂತಿತ್ತು. ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತು. ಗುಲಾಬಿ, ಬಿಳಿ, ಕಪ್ಪು ನಮ್ಮ ತಲೆಯ ಮೇಲೇ ಹಾದುಹೋಯಿತು. ಕ್ಯಾಮೆರಾ ಇದ್ದದ್ದೂ ಮರೆತು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೆ. ಅಷ್ಟು ಚೆಂದವನ್ನು ನಾನು ಆಮೇಲೆ ಎಂದೂ ನೋಡಿಲ್ಲ.

ಕೊನೆಗೆ ಅಜ್ಜನಿಗೆ ಕಾಣಲೆಂದೇ ಕ್ಯಾಮೆರಾ ಎತ್ತಿ ಹಿಡಿದು ಹೆಬ್ಬೆರಳಿನಿಂದ ಕಡ್ಡಿ ತಿರುವಿದೆ. ಅದು ಅಲುಗಲಿಲ್ಲ. ಮೂವತ್ತಾರೂ ಮುಗಿದು ರೀಲು ಬಿಗಿದುಕೊಂಡಿತ್ತು! "ಎಲ್ಲವ್ವನ ಆಣಿರಿ ಅಜ್ಜಾರ, ರೀಲ ಮುಗದೈತಿ, ಈ ಸಲ ಖರೇನ ಹೊಡದೇನಿ" ಎಂದು ಬಡಬಡಿಸಿದೆ.

ಅಜ್ಜ ನನ್ನ ಹೆಬ್ಬೆರಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಗಹಗಹಿಸಿ ನಕ್ಕರು.

"ಇರ್ಲಿ ಬಿಡಪಾ. ನಿನ್ನೆ ಬೆಳಕಾದ್ರೂ ಇತ್ತು, ಇವತ್ತ ಅದೂ ಇಲ್ಲ!"