ಆನ್‌ಲೈನ್ ತರಬೇತಿಯೂ ಒಂದು ಚೀಲ ಮೆಣಸಿನಕಾಯಿಯೂ

ತರಬೇತಿಗಳ ವಿಷಯದಲ್ಲಿ ನನ್ನಷ್ಟು ಅನುಭವಸ್ಥ ಇಡೀ ರಾಣೆಬೆನ್ನೂರಿನಲ್ಲಿ ಸಿಗುವುದು ಕಷ್ಟ. ನನ್ನದು ಬೀಜದ ಅಂಗಡಿ. ಯಾವ ಕಂಪನಿ ಹೊಸ ಬೀಜ ತಂದರೂ ನಮ್ಮಂಥ ಅಂಗಡಿಯವರನ್ನು ಹೋಟೆಲಿಗೆ ಕರೆದು ತರಬೇತಿ ಕೊಡುತ್ತದೆ. ನಾನು ಎಲ್ಲದಕ್ಕೂ ಹೋಗಿದ್ದೇನೆ. ಎಲ್ಲದರಲ್ಲೂ ಊಟ ಮಾಡಿದ್ದೇನೆ. ಬರುವಾಗ ಟೋಪಿ ತಂದಿದ್ದೇನೆ. ಏನು ಕಲಿತೆ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ!

ಹೀಗಿರುವಾಗ ಹಾವೇರಿಯ ಡಾಕ್ಟರು, "ಡಿಮೆನ್ಶಿಯಾ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಫೋನಿನಲ್ಲೇ ತರಬೇತಿ ಇದೆ, ಕನ್ನಡದಲ್ಲೇ ಹೇಳಿಕೊಡುತ್ತಾರೆ" ಎಂದಾಗ ನಾನು ಹಿಂದೆ ಮುಂದೆ ನೋಡದೆ ಹೆಸರು ಹಚ್ಚಿದೆ. ಊಟವಿಲ್ಲ, ಟೋಪಿಯಿಲ್ಲ ಎಂದು ಆಮೇಲೆ ತಿಳಿಯಿತು. ಇರಲಿ.

ಕಾಯಿಲೆ ನಮ್ಮ ಅಪ್ಪನದು. ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿದ್ದವರು. ರೈತರು ತಂದ ಮಾಲನ್ನು ಅಂಗಡಿಯಲ್ಲಿ ಇಳಿಸಿಕೊಂಡು ಒಳ್ಳೆಯ ದರಕ್ಕೆ ಮಾರಿಕೊಡುವುದು ಅವರ ಕೆಲಸ. ಆ ಅಂಗಡಿ ಬಿಟ್ಟು ನಮ್ಮ ಮನೆಗೆ ಬಂದು ಬಹಳ ವರ್ಷಗಳಾದವು. ಈಗ ಮರೆವು ಒಂದೊಂದೇ ಹೆಸರನ್ನು ಒಯ್ಯುತ್ತಿದೆ. ಮೊದಲು ಹೋದದ್ದು ನನ್ನ ಹೆಸರು! ಹಗಲೆಲ್ಲ ಸುಮ್ಮನೆ ಕೂತಿರುವ ಅಪ್ಪ ಸಂಜೆಯಾಯಿತೆಂದರೆ ಎದ್ದು, ರುಮಾಲು ಸುತ್ತಿಕೊಂಡು, "ಬ್ಯಾಡಗಿಗೆ ಹೋಗಬೇಕು" ಎಂದು ಗೇಟಿಗೆ ನಡೆಯುತ್ತಾರೆ. ಒಮ್ಮೆ ಯಾರ ಕಣ್ಣಿಗೂ ಬೀಳದೆ ಬಸ್‌ಸ್ಟ್ಯಾಂಡಿಗೆ ಹೋಗಿ ಬ್ಯಾಡಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಪಕ್ಕದ ಮನೆಯ ಹುಸೇನಸಾಬರು ಕಂಡು ಕರೆತರದಿದ್ದರೆ ಏನಾಗುತ್ತಿತ್ತೋ.

ಸುದ್ದಿ ಹಾವೇರಿಯಲ್ಲಿರುವ ನಮ್ಮ ಅಕ್ಕನಿಗೆ ಮುಟ್ಟಿತು. ಅಕ್ಕ ಮರುದಿನವೇ ಬಂದಳು. ಕೈಯಲ್ಲಿ ಹಣ್ಣಿರಲಿಲ್ಲ, ಹೂವಿರಲಿಲ್ಲ. ತೆಂಗಿನಕಾಯಿಯಷ್ಟು ದಪ್ಪದ ಒಂದು ಹಿತ್ತಾಳೆ ಬೀಗ ಇತ್ತು!

"ಗೇಟಿಗೆ ಕೀಲಿ ಹಾಕ್ರಿ. ಅಪ್ಪ ಹೊರಗ ಹೋಗೂದ ಬ್ಯಾಡ" ಎಂದಳು.

ನನ್ನ ಹೆಂಡತಿ ಗಿರಿಜಾ ಒಪ್ಪಲಿಲ್ಲ. "ಕೀಲಿ ಹಾಕಿ ಕೂಡಿಹಾಕಾಕ ಮಾವಾರೇನು ದನಾ ಏನ್ರಿ ಅಕ್ಕಾರ? ಹೊರಗ ಹೋಗಾಕ ಆಗ್ಲಿಲ್ಲಂದ್ರ ಗೇಟ್ ಹಿಡಕೊಂಡು ಅಳತಾರ. ನಾ ನೋಡಲಾರೆ."

"ಹಂಗಾರ ಇನ್ನೊಂದ್ ಸಲ ತಪ್ಪಿಸಿಕೊಂಡು ಹೋದ್ರಂದ್ರ ಅವತ್ತಿಂದ ಕೀಲಿ. ಒಪ್ಪಿಗಿ?" ಎಂದು ಅಕ್ಕ ನನ್ನ ಕಡೆ ತಿರುಗಿದಳು.

"ಒಪ್ಪಿಗಿ. ನಾ ತರಬೇತಿ ತಗೊಳ್ಳಾಕತ್ತೇನಿ. ಹಂಗ ಆಗೂದ ಇಲ್ಲ" ಎಂದು ಎದೆ ತಟ್ಟಿಕೊಂಡೆ. ಬೀಗವನ್ನು ಪಡಸಾಲೆಯ ಮೊಳೆಗೆ ತೂಗುಹಾಕಿ ಅಕ್ಕ ಹಾವೇರಿಗೆ ಹೋದಳು.

ಮೊದಲ ಪಾಠವನ್ನು ಅಂಗಡಿಯಲ್ಲೇ ಕೂತು ಕೇಳಿದೆ. ಫೋನಿನ ಪರದೆಯಲ್ಲಿ ಚೌಕ ಚೌಕವಾಗಿ ನನ್ನಂಥವರೇ ಎಷ್ಟೋ ಜನ: ತಾಯಿಯನ್ನು ನೋಡಿಕೊಳ್ಳುವವರು, ಗಂಡನನ್ನು ನೋಡಿಕೊಳ್ಳುವವರು, ಕಣ್ಣಲ್ಲಿ ನಿದ್ದೆಯಿಲ್ಲದವರು. ನಡುವೆ ಬೆಂಗಳೂರಿನ ಮೇಡಂ. ಅವರು ಬಹಳ ಮೆತ್ತಗೆ, "ಇಲ್ಲಿ ನೀವು ಮನಸ್ಸು ಬಿಚ್ಚಿ ಮಾತಾಡಬಹುದು" ಎನ್ನುತ್ತಿದ್ದರು. ಅಷ್ಟರಲ್ಲಿ ನಮ್ಮ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು ಮನಸ್ಸು ಬಿಚ್ಚಿದ!

"ಏನ್ ಬೀಜ ಕೊಟ್ಟೀಯೋ ಮಾರಾಯಾ! ಒಂದರ ಮೊಳಕಿ ಬಂದಿಲ್ಲ! ನಾಚಿಕಿ ಆಗೂದಿಲ್ಲೇನು ನಿನಗ?"

ನನ್ನ ಮೈಕು ತೆರೆದೇ ಇತ್ತು. ಇಡೀ ಕರ್ನಾಟಕ ಕೇಳಿತು. ಮೇಡಂ ಇನ್ನೂ ಮೆತ್ತಗೆ, "ಸರ್, ಇವರೇ ನಿಮ್ಮ ತಂದೆಯವರಾ?" ಎಂದು ಕೇಳಿದರು. ಅಲ್ಲ ಎಂದು ಹೇಳುವುದಕ್ಕೇ ಉಳಿದ ಪಾಠ ಮುಗಿಯಿತು.

ಎರಡನೆಯ ಪಾಠವನ್ನು ಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು ಕೇಳಿದೆ. ಮರೆವು ಇರುವವರಿಗೆ ಕೋಣೆಗಳ ಗುರುತು ತಪ್ಪುತ್ತದೆ, ಬಚ್ಚಲಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದರೆ ಅನುಕೂಲ ಎಂದರು ಮೇಡಂ. ಅವರು ಹೇಳಿದ್ದು ಬಚ್ಚಲಿನ ಬಾಗಿಲು. ನಾನು ಅಲ್ಲಿಗೇ ನಿಲ್ಲಿಸುವ ಪೈಕಿಯೇ? ಬಚ್ಚಲು, ಅಡುಗೆಮನೆ, ದೇವರ ಮನೆ, ಕಿಟಕಿ, ಕುರ್ಚಿ, ಹಿಟ್ಟಿನ ಡಬ್ಬಿ, ಕೊನೆಗೆ ಗೋಡೆಗೂ "ಗೋಡೆ" ಎಂದು ಚೀಟಿ ಹಚ್ಚಿದೆ. ಗಿರಿಜಾಳ ಸೆರಗಿಗೆ "ಸೊಸೆ" ಎಂದು ಹಚ್ಚಲು ಹೋದಾಗ ಅವಳು ಲಟ್ಟಣಿಗೆ ಕೈಗೆತ್ತಿಕೊಂಡಳು. ಆ ಉಪಕ್ರಮವನ್ನು ಕೈಬಿಡಲಾಯಿತು.

ನನ್ನ ಅಂಗಿಯ ಮೇಲೆ ಮಾತ್ರ "ಮಗ" ಎಂದು ದಪ್ಪಗೆ ಬರೆದು ಅಂಟಿಸಿಕೊಂಡು ಅಪ್ಪನ ಮುಂದೆ ಹೋಗಿ ನಿಂತೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು.

"ಮಗ" ಎಂದರು. ಆಮೇಲೆ ನನ್ನ ಮುಖ ನೋಡಿ ಬಹಳ ಅಕ್ಕರೆಯಿಂದ ಕೇಳಿದರು: "ಯಾರ ಮಗನೋ ನೀ?"

ನಗು ಬಂತು. ನಗುತ್ತಲೇ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೂರನೆಯ ಪಾಠ ಕೇಳಿ ನನ್ನ ಆತ್ಮವಿಶ್ವಾಸ ಮತ್ತೆ ಚಿಗುರಿತು. ಅವರೊಂದಿಗೆ ವಾದ ಮಾಡಬೇಡಿ, ಅವರಿಗೆ ಪರಿಚಯದ ಕೆಲಸ, ಪರಿಚಯದ ವಸ್ತು ಕೊಡಿ ಎಂದರು ಮೇಡಂ. ಅಪ್ಪನಿಗೆ ಪರಿಚಯದ್ದು ಎಂದರೆ ಮೆಣಸಿನಕಾಯಿ! ಒಂದು ಚೀಲ ತಂದು ಮುಂದೆ ಸುರಿದರೆ ಅವರು ಬ್ಯಾಡಗಿಗೆ ಯಾಕೆ ಹೋಗುತ್ತಾರೆ? ಮುಂದಿನ ತರಗತಿಯಲ್ಲಿ ಎಲ್ಲರಿಗೂ ತೋರಿಸಿಯೇ ಮಾಡುತ್ತೇನೆ ಎಂದು ಮೇಡಂಗೆ ಮಾತು ಕೊಟ್ಟೆ.

ಇಲ್ಲಿ ಒಂದು ಸಣ್ಣ ಸೋಮಾರಿತನ ಮಾಡಿದೆ. ಬ್ಯಾಡಗಿಯ ಮಾರುಕಟ್ಟೆ ದಿನ ನಮ್ಮೂರಿಂದ ಹೋಗಿ ಬರುವುದೆಂದರೆ ಅಂಗಡಿ ಮುಚ್ಚಬೇಕು. ನನಗೆ ಸರಕು ತರುವ ಲಾರಿಯವನ ಹತ್ತಿರ ಗುಂಟೂರು ಕಡೆಯ ಮೆಣಸಿನಕಾಯಿ ಒಂದು ಚೀಲ ಇತ್ತು. ಕೆಂಪಗಿದ್ದರೆ ಸಾಕಲ್ಲ ಎಂದುಕೊಂಡೆ. ಹೆತ್ತ ಮಗನ ಗುರುತೇ ಹತ್ತದವರಿಗೆ ಮೆಣಸಿನಕಾಯಿಯ ಗುರುತು ಎಲ್ಲಿ ಹತ್ತಬೇಕು?

ತರಗತಿ ಶುರುವಾಯಿತು. ಫೋನನ್ನು ಕಿಟಕಿಗೆ ಆನಿಸಿ ಇಟ್ಟೆ. ಪಡಸಾಲೆಯಲ್ಲಿ ತಾಡಪತ್ರಿ ಹಾಸಿ, ಅಪ್ಪನನ್ನು ಕೂಡಿಸಿ, ಚೀಲ ಎತ್ತಿದೆ.

"ಮೊದಲ ಫ್ಯಾನ್ ಬಂದ್ ಮಾಡ್ರಿ" ಎಂದಳು ಗಿರಿಜಾ ಒಳಗಿನಿಂದ.

"ನಿನಗೇನ್ ಗೊತ್ತಾಗ್ತೈತಿ? ತರಬೇತಿ ತಗೊಂಡಾಂವ ನಾನೋ ನೀನೋ?" ಎಂದವನೇ ಇಡೀ ಚೀಲ ಸುರಿದೆ. ಫ್ಯಾನು ಐದರಲ್ಲಿತ್ತು!

ಮೊದಲ ಸೀನು ನನ್ನದು. ಎರಡನೆಯದು ಗಿರಿಜಾಳದು. ಆಮೇಲೆ ಯಾರದು ಯಾವುದು ಎಂಬ ಲೆಕ್ಕ ಉಳಿಯಲಿಲ್ಲ. ಗೋಡೆಯಾಚೆಯಿಂದ ಹುಸೇನಸಾಬರು, "ಏನ್ ಹುರಿಯಾಕತ್ತೀರ್ರಿ? ನಾವು ಬದುಕೂದು ಬ್ಯಾಡೇನು?" ಎಂದು ಸೀನುತ್ತಲೇ ಕೂಗಿದರು. ಫೋನಿನಲ್ಲಿ ಮೇಡಂ, "ಸರ್, ಎಲ್ಲರೂ ಕ್ಷೇಮವಾಗಿದ್ದೀರಾ?" ಎಂದು ಗಾಬರಿಯಿಂದ ಕೇಳುತ್ತಿದ್ದರು.

ಈ ಪ್ರಳಯದ ನಡುವೆ ಸೀನದೆ ಕೂತವರು ಒಬ್ಬರೇ, ನಮ್ಮ ಅಪ್ಪ. ಅವರು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಮುರಿದರು. ಮೂಸಿದರು. ಆಮೇಲೆ ನನ್ನ ಕಡೆ ನೋಡಿದರು.

"ಯಾವೂರ ಮಾಲಿದು?"

"ಬ್ಯಾಡಗೀದ ಅಪ್ಪಾ" ಎಂದೆ ಕಣ್ಣೀರು ಸುರಿಸುತ್ತಾ.

"ಸುಳ್ಳು! ಇದರ ಮೈ ನೋಡು, ನುಣ್ಣಗ ಐತಿ. ಬ್ಯಾಡಗಿ ಕಾಯಿಗೆ ಮೈತುಂಬ ನಿರಿಗಿ ಇರತಾವ. ನನಗ ಮೋಸ ಮಾಡಾಕ ಬಂದೀಯೇನು? ಎತ್ತು ನಿನ್ ಚೀಲ! ನಡಿ ಹೊರಗ!"

ಮಗನ ಗುರುತು ಹತ್ತದವರಿಗೆ ಮೆಣಸಿನಕಾಯಿಯ ಗುರುತು ಕಣ್ಮುಚ್ಚಿ ತೆರೆಯುವುದರೊಳಗೆ ಹತ್ತಿತ್ತು! ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಅಪ್ಪ ಪೂರ್ತಿ ಹೋಗಿಲ್ಲ, ಒಳಗೆ ಎಲ್ಲೋ ಗಟ್ಟಿಯಾಗಿ ಕೂತಿದ್ದಾರೆ ಎನಿಸಿತು.

ಆದರೆ ಖುಷಿ ಬಹಳ ಹೊತ್ತು ಬಾಳಲಿಲ್ಲ. ನಾನೂ ಗಿರಿಜಾಳೂ ಹಿತ್ತಲಲ್ಲಿ ಕಣ್ಣಿಗೆ ನೀರು ಹೊಡೆದುಕೊಂಡು ಒಳಗೆ ಬಂದರೆ ತಾಡಪತ್ರಿಯ ಮೇಲೆ ಮೆಣಸಿನಕಾಯಿ ಇತ್ತು, ಅಪ್ಪ ಇರಲಿಲ್ಲ. ಗೇಟು ತೆರೆದಿತ್ತು. ಗಿರಿಜಾ ಒಂದು ಕಡೆ ಓಡಿದಳು, ನಾನು ಒಂದು ಕಡೆ ಓಡಿದೆ. ಊದಿದ ಕಣ್ಣಿಗೆ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಕೊನೆಗೆ ಹೆದ್ದಾರಿಗೆ ಕೂಡುವ ತಿರುವಿನಲ್ಲಿ, ಸಾಲು ಲಾರಿಗಳು ಹೋಗುವ ಜಾಗದಲ್ಲಿ, ಹುಸೇನಸಾಬರು ಅಪ್ಪನ ಕೈ ಹಿಡಿದು ನಿಂತಿದ್ದರು. ಓಡಿಹೋಗಿ ಅಪ್ಪನ ಇನ್ನೊಂದು ಕೈ ಹಿಡಿದುಕೊಂಡೆ.

ರಾತ್ರಿ ಊಟದ ಹೊತ್ತಿಗೆ, ಸುದ್ದಿ ಮುಟ್ಟಿ, ಅಕ್ಕನ ಫೋನು. "ಒಪ್ಪಿಗಿ ಅಂದಿದ್ದಿ. ನಾಳಿಂದ ಕೀಲಿ." ನಾನು ಹೂಂ ಎಂದೆ. ಗಿರಿಜಾ ಮೊಳೆಯ ಮೇಲಿದ್ದ ಬೀಗವನ್ನೇ ನೋಡುತ್ತಾ ಕೂತಳು.

ಮರುದಿನ ತರಗತಿಗೆ ತಲೆ ತಗ್ಗಿಸಿ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಗುಂಟೂರಿನದನ್ನೂ ಮುಚ್ಚಿಡಲಿಲ್ಲ. ಯಾರಾದರೂ ಬೈಯುತ್ತಾರೆಂದು ಕಾದೆ. ಕೋಲಾರದ ಕಡೆಯ ಒಬ್ಬ ತಾಯಿ, ಗಂಡನನ್ನು ನೋಡಿಕೊಳ್ಳುವವರು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ತಪ್ಪು ತಿಳ್ಕೋಬೇಡಿ ಅಣ್ಣಾ. ನಾನು ನಕ್ಕು ಎಷ್ಟೋ ದಿನ ಆಗಿತ್ತು. ನಮ್ಮ ಮನೇಲೂ ಹೀಗೇನೇ" ಎಂದರು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಅವಾಂತರ ಹೇಳಿಕೊಂಡರು. ಕೇಳುತ್ತಾ ನನ್ನ ಎದೆ ಎಷ್ಟೋ ಹಗುರಾಯಿತು.

ಕೊನೆಗೆ ಮೇಡಂ ಕೇಳಿದರು: "ಸರ್, ಬ್ಯಾಡಗಿಗೆ ಹೋಗಬೇಡಿ ಅಂತ ದಿನಾ ಹೇಳ್ತೀರಲ್ಲ. ಅಲ್ಲಿ ಏನು ಕೆಲಸ ಇದೆ ಅಂತ ಒಂದು ಸಲ ಆದ್ರೂ ಕೇಳಿದ್ದೀರಾ?"

ಕೇಳಿರಲಿಲ್ಲ! ಅಂಗಡಿ ಎಲ್ಲಿದೆ, ಮಾರಿ ಆಯಿತಲ್ಲ, ಎಂದು ದಿನವೂ ಉಪನ್ಯಾಸ ಕೊಟ್ಟಿದ್ದೆನೇ ಹೊರತು ಕೇಳಿರಲಿಲ್ಲ.

ಆ ಸಂಜೆ ಅಪ್ಪ ರುಮಾಲು ಸುತ್ತಿಕೊಂಡು ಎದ್ದಾಗ ಪಕ್ಕದಲ್ಲಿ ನಿಂತು ಕೇಳಿದೆ: "ಅಪ್ಪಾ, ಬ್ಯಾಡಗ್ಯಾಗ ಏನ್ ಕೆಲಸ ಐತಿ?"

ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಅಂಗಡಿಗೆ ಕೀಲಿನ ಹಾಕಿಲ್ಲೋ ತಮ್ಮಾ. ರೈತರ ಮಾಲು ಹಂಗ ಬಿದ್ದೈತಿ. ನನ್ನ ನಂಬಿ ಇಟ್ಟು ಹೋಗ್ಯಾರ. ಕತ್ತಲಾಗಾಕತ್ತೈತಿ."

ಇಷ್ಟು ದಿನ ಅಪ್ಪ ಸಂಜೆ ಸಂಜೆ ಹೊತ್ತು ತಿರುಗಿದ್ದು ಈ ಚಿಂತೆಯನ್ನು. ಗೇಟು ಹಿಡಿದು ಅತ್ತದ್ದು ಇದಕ್ಕೆ.

ಅಕ್ಕನಿಗೆ ಹೂಂ ಎಂದಿದ್ದರೂ ಬೀಗ ಹಾಕಲು ಮನಸ್ಸು ಬರದೆ, ಸಂಜೆ ಸಂಜೆ ನಾನೇ ಗೇಟಿನ ಬಳಿ ಕಾವಲು ಕೂತೆ. ಮುಂದಿನ ಮಾರುಕಟ್ಟೆ ದಿನ ನಾನೇ ಬ್ಯಾಡಗಿಗೆ ಹೋದೆ. ಅಸಲಿ ಬ್ಯಾಡಗಿ ಕಾಯಿ, ಮೈತುಂಬ ನಿರಿಗೆಯದು, ಒಂದು ಚೀಲ ತಂದೆ. ಆಟೋದವನು ಓಣಿಯೊಳಗೆ ಬರುವುದಿಲ್ಲ ಎಂದದ್ದಕ್ಕೆ ಚೀಲವನ್ನು ಬೆನ್ನ ಮೇಲೆ ಹೊತ್ತು, ಸೊಂಟ ಬಗ್ಗಿಸಿ, ಏದುಸಿರು ಬಿಡುತ್ತಾ ಮನೆ ಹೊಕ್ಕೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದವರು ಸಟ್ಟನೆ ಎದ್ದರು. ಮುಖ ಅರಳಿತು.

"ಏ ತಮ್ಮಾ, ಬರೇ ನೆಲಕ್ಕ ಇಳಸಬ್ಯಾಡ! ಮಾಲು ತ್ಯಾವ ಹಿಡಿತೈತಿ. ಕೆಳಗ ಏನರ ಹಾಸು."

ಹಾಸಿದೆ. ಇಳಿಸಿದೆ. ಈ ಸಲ ಫ್ಯಾನು ಬಂದ್! ಅಪ್ಪ ಕಾಯಿ ಮುರಿದು, ಮೂಸಿ, "ಹಾಂ, ಇದು ಮಾಲು" ಎಂದರು. ಗಿರಿಜಾಳನ್ನು ಕರೆದು, "ಯವ್ವಾ, ಹಮಾಲಗ ಒಂದ್ ಕಪ್ ಚಾ ಕೊಡು. ಭಾಳ ದಣಿದಾನ" ಎಂದರು. ಮೂಟೆ ಹೊರುವ ಹಮಾಲ. ಅದು ನಾನು!

ಇಡೀ ಮಧ್ಯಾಹ್ನ ಅಪ್ಪ ಕಾಯಿ ಆರಿಸುತ್ತಾ ಕೂತರು. ಸಣ್ಣದು ಬೇರೆ, ಉದ್ದದ್ದು ಬೇರೆ. ಹುಸೇನಸಾಬರು ಗಿರಾಕಿಯಾಗಿ ಬಂದು ದರದ ಮೇಲೆ ಜಗ್ಗಾಡಿ, ಬೈಸಿಕೊಂಡು ಹೋದರು. ಸಂಜೆಯಾಯಿತು. ಅಪ್ಪ ಎದ್ದು ರುಮಾಲು ಸುತ್ತಿದರು. ನಾನೂ ಗಿರಿಜಾಳೂ ಉಸಿರು ಬಿಗಿಹಿಡಿದು ನಿಂತೆವು.

"ಕೀಲಿ ಎಲ್ಲಿ ಐತಿ?" ಎಂದರು ಅಪ್ಪ.

ಮೊಳೆಯ ಮೇಲಿದ್ದ ಅಕ್ಕನ ಹಿತ್ತಾಳೆ ಬೀಗವನ್ನು ಕೀಲಿಕೈ ಸಮೇತ ಅವರ ಕೈಗೆ ಕೊಟ್ಟೆ. ಅದರ ಇನ್ನೊಂದು ಕೀಲಿಕೈ ಗಿರಿಜಾಳ ಸೊಂಟದಲ್ಲಿತ್ತು. ಅಪ್ಪ ಗೇಟಿನವರೆಗೆ ನಡೆದರು. ನನ್ನ ಬೆನ್ನ ಮೇಲೆ ಕೈಯಿಟ್ಟು ನಯವಾಗಿ ಹೊರಗೆ ನೂಕಿದರು.

"ಆತು ತಮ್ಮಾ. ನೀ ನಿನ್ ಮನಿಗೆ ಹೋಗು. ನಾಳಿಗೆ ಲಗೂನ ಬಾ."

ಗೇಟು ಎಳೆದು, ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಕೈಯನ್ನು ಬನಿಯನ್ನಿನ ಕಿಸೆಗೆ ಇಳಿಸಿ, "ಹ್ಯಾಂ..." ಎಂದು ನಿಟ್ಟುಸಿರು ಬಿಟ್ಟು ಅಪ್ಪ ಒಳಗೆ ಹೋದರು. ಬಹಳ ದಿನಗಳ ಮೇಲೆ ಬ್ಯಾಡಗಿಯ ಹೆಸರೆತ್ತದೆ ಹೋದರು.

ಅಷ್ಟರಲ್ಲಿ ಅಕ್ಕನ ಫೋನು.

"ಗೇಟಿಗೆ ಕೀಲಿ ಹಾಕೀರೇನೋ?"

"ಹಾಕೇತಿ ಅಕ್ಕಾ."

"ಅಪ್ಪ ಒಳಗದಾರ?"

"ಒಳಗ ಆರಾಮ ಅದಾರ."

"ಮತ್ತ ನೀ ಯಾಕ ಹಿಂಗ ಮಾತಾಡಾಕತ್ತಿ? ಎಲ್ಲಿದಿ?"

"ಹೊರಗ!"

ಈಗ ದಿನವೂ ಇದೇ ಪದ್ಧತಿ. ಗಿರಿಜಾ ಮುಂದಿನ ಗೇಟನ್ನು ಕೂಡಲೇ ತೆಗೆದರೆ ಅಪ್ಪನಿಗೆ ಮತ್ತೆ ಚಿಂತೆ ಹತ್ತುತ್ತದೆ. ಹೀಗಾಗಿ ನಾನು ಹುಸೇನಸಾಬರ ಹಿತ್ತಲು ಹಾದು, ಅವರ ಕೋಳಿಗಳಿಂದ ಕುಕ್ಕಿಸಿಕೊಂಡು, ನಮ್ಮ ಹಿಂಬಾಗಿಲು ತಟ್ಟುತ್ತೇನೆ. ಎಲ್ಲ ಸಂಜೆಗಳೂ ಸುಸೂತ್ರ ಎಂದು ಹೇಳಲಾರೆ. ಆದರೆ ಗೇಟು ಹಿಡಿದು ಅಪ್ಪ ಅಳುವುದು ನಿಂತಿದೆ.

ಮೊದಲ ದಿನ ಹಾಗೆ ಬಾಗಿಲು ತಟ್ಟಿದಾಗ ಗಿರಿಜಾ ಅರ್ಧ ತೆಗೆದು, ನಗು ತಡೆದುಕೊಂಡು, "ಯಾರ್ ಬೇಕಾಗಿತ್ರಿ?" ಎಂದಳು.

ಒಳಗಿನಿಂದ ಅಪ್ಪನ ದನಿ ಬಂತು. "ಯಾರವಾ ಅದು?"

"ಹಮಾಲ ಬಂದಾನ್ರಿ ಮಾವಾರ."

ಅಪ್ಪನ ದನಿ ಮೆತ್ತಗಾಯಿತು.

"ಚಲೋ ಹುಡುಗ ಅದಾನ. ಉಂಡು ಹೋಗು ಅಂತ ಹೇಳು."

ಐವತ್ತು ದಾಟಿದ ನಾನು, ರಾಣೆಬೆನ್ನೂರಿನ ಅತ್ಯಂತ ಅನುಭವಸ್ಥ ತರಬೇತಿ ವಿದ್ಯಾರ್ಥಿ, ನನ್ನದೇ ಮನೆಯಲ್ಲಿ ಅಪ್ಪಣೆ ಪಡೆದು ಉಣ್ಣಲು ಕೂತೆ. ಆ ದಿನದ ರೊಟ್ಟಿ ಬಹಳ ರುಚಿಯಾಗಿತ್ತು. ಎರಡು ಹೆಚ್ಚಿಗೆ ಹಾಕಿಸಿಕೊಳ್ಳಲು ಹೋದಾಗ ಅಪ್ಪ ಗಿರಿಜಾಳ ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಹುಡುಗ ಚಲೋ, ಖರೇ. ಆದ್ರ ಕೆಲಸಕ್ಕಿಂತ ಊಟಾನ ಜಾಸ್ತಿ ಮಾಡತಾನ!"