ಬಂಗುಡೆಗೆ ಸ್ನಾನ ಮಾಡಿಸಿದ ಮೇಡಂ ಅವರಿಗೆ

ಕುವೈತ್, ಮಾರ್ಚ್ 2006, ಶುಕ್ರವಾರ

ಮಿತವ್ಯಯದ ಮಹಾತಾಯಿ, ಪರಮ ಮಾನ್ಯರೇ,

ಹವಲ್ಲಿಯ ಮೂರನೇ ಮಾಳಿಗೆಯಿಂದ ವೇದಾವತಿಯ ಸವಿನಯ ನಮಸ್ಕಾರಗಳು. ತಾವು 1910ರಲ್ಲಿ ಇಂಗ್ಲೆಂಡಿನ ಗೃಹಿಣಿಯರಿಗಾಗಿ ಬರೆದ ಅಡುಗೆ ಪುಸ್ತಕವನ್ನು ನನ್ನ ಯಜಮಾನರಾದ ಯಶೋಧರರು ಇಲ್ಲಿನ ರಾಯ್ ಬಡಾವಣೆಯ ಶುಕ್ರವಾರದ ಸಂತೆಯಿಂದ ಹಳೆಯ ಟೇಬಲ್ ಫ್ಯಾನಿನ ಜತೆ ಕೊಂಡು ತಂದರು. ರಟ್ಟು ಹರಿದು ತಮ್ಮ ಹೆಸರು ಹೋಗಿದೆ. ಉಪದೇಶ ಮಾತ್ರ ಒಂದಕ್ಷರವೂ ಹಾಳಾಗದೆ ಉಳಿದಿದೆ, ಏನು ಮಾಡೋಣ.

ಹದಿನಾರು ವರ್ಷ ಒಂದು ಲೋಟ ತೊಳೆಯದ ಮನುಷ್ಯ ಈಗ ಆಲೂಗಡ್ಡೆ ಸಿಪ್ಪೆಯಲ್ಲಿ ಸೂಪು ಮಾಡುತ್ತಾರೆ, ಒಣಗಿದ ಖುಬೂಸ್ ರೊಟ್ಟಿಯನ್ನು ಪುಡಿಮಾಡಿ ಡಬ್ಬಿ ತುಂಬಿಸುತ್ತಾರೆ. ಇದಕ್ಕೆಲ್ಲ ತಮಗೆ ಉದ್ದಂಡ ನಮಸ್ಕಾರ. ನನ್ನ ದೂರು ಇಂದು ಬೆಳಗಿನದು.

ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿರುವ ನನ್ನ ಅತ್ತೆ ವಾರಿಜಾ ಅವರು, ನಾನು ಮದುವೆಯಾಗಿ ಬಂದಂದಿನಿಂದ ನನ್ನ ಅಡುಗೆಗೆ 'ಹೂಂ' ಎಂಬುದಕ್ಕಿಂತ ದೊಡ್ಡ ಬಿರುದು ಕೊಟ್ಟವರಲ್ಲ. ಈ ಸಲವಾದರೂ ಅವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸಲೇಬೇಕೆಂದು ಹಟ ಹಿಡಿದು, ನಿನ್ನೆಯೇ ಮಣ್ಣಿನ ಚಟ್ಟಿಯಲ್ಲಿ ಬಂಗುಡೆ ಪುಳಿಮುಂಚಿ ಮಾಡಿಟ್ಟೆ. ನಮ್ಮ ಕಡೆ ಮೀನುಸಾರು ಒಂದು ರಾತ್ರಿ ಕೂತರೇ ರುಚಿ. ಮರುದಿನ ನೀರುದೋಸೆಯೊಡನೆ ತಿನ್ನಲೆಂದೇ ಅದನ್ನು ಮಾಡುವುದು. ತಮ್ಮ ಪುಸ್ತಕದ ಲೆಕ್ಕದಲ್ಲಿ ಅದು 'ಉಳಿದುಹೋದ ಮೀನು'. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಶೋಧರರು ತಮ್ಮ ಪುಸ್ತಕದ ಆಜ್ಞೆಯಂತೆ ಒಂದೊಂದೇ ಬಂಗುಡೆಯನ್ನು ಮೇಲೆತ್ತಿ, ನಲ್ಲಿ ನೀರಿನಲ್ಲಿ ಮಸಾಲೆಯೆಲ್ಲ ತೊಳೆದು, ಮುಳ್ಳು ಬಿಡಿಸಿ, ಆಲೂಗಡ್ಡೆಯೊಡನೆ ಕಲಸಿ, ಖುಬೂಸ್ ಪುಡಿಯಲ್ಲಿ ಹೊರಳಿಸಿ ಕಟ್ಲೆಟ್ ಕರಿಯುತ್ತಿದ್ದರು. ಅತ್ತೆಯವರು ನಾಲ್ಕು ತಿಂದು, ಮಗನ ಕೈರುಚಿಯೇ ಕೈರುಚಿ ಎಂದು ಕೊಂಡಾಡಿದರು. ನನಗೆ ಹೊಟ್ಟೆ ಉರಿದುಹೋಯಿತು ಮೇಡಂ, ಸುಳ್ಳು ಯಾಕೆ ಹೇಳಲಿ.

ಆದ್ದರಿಂದ ತಾವು ಒಮ್ಮೆ ಇಲ್ಲಿಗೆ ದಯಮಾಡಿಸಬೇಕು. ತಾವು ತೀರಿಕೊಂಡು ಬಹುಕಾಲವಾಗಿರುವುದು ದೊಡ್ಡ ಅಡ್ಡಿಯಲ್ಲ. ಯಶೋಧರರಿಗೆ ವೀಸಾ ಕೊಟ್ಟ ಅರಬ್ಬಿ ಧಣಿ, ಅವರ ಕಫೀಲ್, ಒಳ್ಳೆಯವರು, ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಪರವಾನಗಿ ಹೇಗಾದರೂ ಮಾಡಿಸಿಕೊಟ್ಟಾರು. ಬಂದು, ನಿನ್ನೆಯ ಸಾರು ಉಳಿಕೆಯಲ್ಲ, ಇವತ್ತಿನ ಅಡುಗೆಯೇ ಎಂದು ನನ್ನ ಗಂಡನ ಮುಂದೆ ನಿಂತು ಹೇಳಿ ಹೋಗಬೇಕಾಗಿ ವಿನಂತಿ.

ಇನ್ನೂ ಸಿಟ್ಟಿಳಿಯದ,
ತಮ್ಮ ವಿಶ್ವಾಸಿ,
ವೇದಾವತಿ

ವಿ.ಸೂ.: ಪತ್ರ ಮುಗಿಸಿ ಅಡುಗೆಕೋಣೆಗೆ ಹೋದರೆ, ಅತ್ತೆಯವರು ಒಬ್ಬರೇ ನಿಂತು, ಚಟ್ಟಿಯಲ್ಲಿ ಅನಾಥವಾಗಿದ್ದ ಸಾರನ್ನು ನೀರುದೋಸೆಯಲ್ಲಿ ಬಳಿದು ಬಳಿದು ತಿನ್ನುತ್ತಿದ್ದರು. "ಈ ಸಾರಿಗೆ ಮೀನೇ ಬೇಡ ಮಾರಾಯ್ತಿ," ಎಂದರು. "ಅವನಿಗೆ ಹೇಳ್ಬೇಡ, ಪಾಪ, ಬೇಜಾರಾಗ್ತದೆ." ಮೀನೇ ಬೇಡದ ಮೀನುಸಾರಿಗಿಂತ ಮಿತವ್ಯಯದ ಅಡುಗೆ ತಮ್ಮ ಇಡೀ ಪುಸ್ತಕದಲ್ಲಿ ಒಂದಿದ್ದರೆ ತೋರಿಸಿ ಮೇಡಂ, ನೋಡೋಣ.