ಬಾಲ ನುಂಗುವ ಇಂಗ್ಲಿಷ್

ಹೊಸದಾಗಿ ಕಲಿತ ವಿದ್ಯೆ ಹೊಸ ಚಪ್ಪಲಿ ಇದ್ದ ಹಾಗೆ. ಕಾಲು ಕಚ್ಚಿದರೂ ಸರಿ, ನಾಲ್ಕು ಜನರ ಎದುರು ಅದನ್ನು ಮೆಟ್ಟಿಕೊಂಡೇ ಓಡಾಡಬೇಕು. ಎಂಬತ್ತರ ದಶಕದ ಆರಂಭದಲ್ಲಿ ನಾನೂ ರಾಯಚೂರಿನಲ್ಲಿ ನಡೆದ ಶಿಕ್ಷಕರ ಇಂಗ್ಲಿಷ್ ತರಬೇತಿಯಿಂದ ಅಂಥದೊಂದು ವಿದ್ಯೆ ಹೊತ್ತುಕೊಂಡು ದೇವದುರ್ಗಕ್ಕೆ ಬಂದೆ. ಇಂಗ್ಲಿಷ್ ಶಬ್ದಗಳ ಬಾಲದಲ್ಲಿರುವ ಸ್ವರವನ್ನು ಪೂರ್ತಿ ಉಚ್ಚರಿಸಬಾರದಂತೆ. ‘ಸ್ಟೇಷನ್’, ‘ಹಾಸ್ಪಿಟಲ್’ ಅನ್ನುವಾಗ ಕೊನೆಯ ‘ಷನ್’, ‘ಟಲ್’ಗಳನ್ನು ಹೇಳಿಯೂ ಹೇಳದ ಹಾಗೆ ಬಿಟ್ಟುಬಿಡಬೇಕಂತೆ. ನಮ್ಮದೋ, ‘ಸ್ಟೇಷನ್ನು’, ‘ಹಾಸ್ಪಿಟಲ್ಲು’ ಎಂದು ಇದ್ದ ಬಾಲಕ್ಕೆ ಇನ್ನೊಂದು ಬಾಲ ಕಟ್ಟುವ ನಾಲಿಗೆ. ಬಡಿಸಿದ್ದನ್ನು ತಾಟಿನಲ್ಲಿ ಬಿಟ್ಟು ಏಳುವ ಅಭ್ಯಾಸ ನಮ್ಮ ಮನೆತನದಲ್ಲೇ ಇರಲಿಲ್ಲ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ನನ್ನ ಮುಖವನ್ನೇ ನೋಡಿದಳು. “ಯಾಕ ಯವ್ವಾ, ಬಾಯಾಗ ಹುಣ್ಣಾಗ್ಯದೇನು?”

“ಇಲ್ಲಬೇ, ಇಂಗ್ಲಿಷ್ ಮಾತಾಡಾಕತ್ತೀನಿ. ಕೊನೀದು ನುಂಗಬೇಕಂತ.”

ಅವ್ವ ನಮ್ಮೂರು ಕಲ್ಲೂರಿನಲ್ಲಿ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. “ದೊಡ್ಡೋರ ಮುಂದ ಮಾತು ನುಂಗಿ ನುಂಗಿ ನಮ್ಮ ಜಲ್ಮಾನ ಹೋತು. ಅದನ್ನ ಕಲಿಯಾಕ ನಿನಗ ತರಬೇತಿ ಬೇಕಾತೇನು?” ಎಂದಳು. ನಕ್ಕೆ. ಆ ಮಾತು ನಾಟಿತು ಕೂಡ. ಆದರೂ ತರಬೇತಿಯ ಅಮಲು ಅಷ್ಟು ಬೇಗ ಇಳಿಯುವಂಥದ್ದಲ್ಲ.

ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನದು ಇನ್ನೂ ಕಾಯಂ ಆಗದ ಕೆಲಸ. ಅಲ್ಲಿನ ಹೆಡ್‌ಮಾಸ್ತರರು ಬೇವಿನ ಮರದಡಿ ಕುರ್ಚಿ ಹಾಕಿಕೊಂಡು, ಯಾವ ತರಗತಿಯ ಹೊಸ್ತಿಲನ್ನೂ ತುಳಿಯದೆ ಪಾಠಗಳ ಗುಣ ಅಳೆಯುತ್ತಿದ್ದರು. ಮಕ್ಕಳು ಒಕ್ಕೊರಲಿನಿಂದ ಕೂಗಿ ಛಾವಣಿಯ ತಗಡು ನಡುಗಿತೋ, ಪಾಠ ಚೆನ್ನಾಗಿದೆ ಎಂದರ್ಥ. ಅಂಥ ಕಡೆ ನಾನು ನುಂಗುವುದನ್ನು ಕಲಿಸತೊಡಗಿದೆ. ಹುಡುಗಿಯರು ಬಲು ಚುರುಕು. ನಾಗಮ್ಮ ಎಂಬಾಕೆ ಎದ್ದು ನಿಂತು, “ಟೀಚರ್, ಇವತ್ತಿಂದ ನಾನು ನಾಗಮ್ ರೀ” ಎಂದು ಎಲ್ಲರನ್ನೂ ನಗಿಸಿದಳು. ತರಗತಿ ಮಾತ್ರ ದಿನದಿನಕ್ಕೆ ತಣ್ಣಗಾಯಿತು.

ಹೆಡ್‌ಮಾಸ್ತರರು ಕರೆಸಿದರು. “ಏನ್ರೀ ಮೇಡಂ, ನಿಮ್ಮ ಕ್ಲಾಸಿಂದ ಸಪ್ಪಳಾನ ಇಲ್ಲ. ಪಾಠ ಮಾಡಾಕತ್ತೀರೋ, ಮಕ್ಕಳನ್ನ ಮಲಗಿಸಾಕತ್ತೀರೋ? ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ನೀವು ಕಾಯಂ ಆಗೋದು ಅವರ ಮಾತಿನ ಮ್ಯಾಲ ಅದ, ನೆನಪಿರ್ಲಿ.” ಈ ಕೆಲಸ ಹೋದರೆ ಅವ್ವನ ಜೊತೆ ನಾನೂ ಹತ್ತಿ ಹೊಲಕ್ಕೇ ಹೋಗಬೇಕಿತ್ತು.

ಸೋಮವಾರ ಸಾಹೇಬರು ಬಂದವರೇ ಬೋರ್ಡಿನ ಮೇಲೆ ‘ಎಜುಕೇಷನ್’ ಎಂದು ಇಂಗ್ಲಿಷಿನಲ್ಲಿ ಬರೆದು, ಓದಲು ಹೇಳಿದರು. ಅಪರಿಚಿತರನ್ನು ಕಂಡು ಹುಡುಗಿಯರ ದನಿ ಅಡಗಿತು. ಅವರು ಬರೀ ಬಾಲವನ್ನಲ್ಲ, ಶಬ್ದವನ್ನೇ ನುಂಗಿದರು. ಸಾಹೇಬರು ಕಿವಿಗೆ ಕೈ ಹಚ್ಚಿದರು. “ಕೇಳವಲ್ದಲ್ಲ. ಏನೂ ಕಲಿಸಿಲ್ಲೇನು ಇವರಿಗೆ?”

ಮನೆಯಲ್ಲೂ ಓಣಿಯಲ್ಲೂ ‘ಹೆಣ್ಣಿನ ದನಿ ಹೊರಗ ಕೇಳಬಾರದು’ ಎಂದು ಹೇಳಿಸಿಕೊಂಡೇ ಬೆಳೆದ ಹುಡುಗಿಯರು ಅವರು. ಬಾಯಿ ತುಂಬ ಕೂಗಲು ಅವರಿಗಿದ್ದದ್ದು ಇದೊಂದೇ ಜಾಗ, ಅದನ್ನೂ ನಾನು ಮುಚ್ಚಿಸಿದ್ದೆ. ಆ ಸಂಕಟಕ್ಕೋ ನೌಕರಿಯ ಭಯಕ್ಕೋ ಗೊತ್ತಿಲ್ಲ, ನಾನೇ ಗಂಟಲು ಹರಿಯುವಂತೆ, “ಎಜುಕೇಷನ್ನು!” ಎಂದೆ. ನಾಗಮ್ಮನ ಮುಖ ಅರಳಿತು. ಮರುಕ್ಷಣವೇ ಇಡೀ ತರಗತಿ ಕೂಗಿತು. ತಗಡಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು.

“ಶಭಾಷ್! ಉಚ್ಚಾರ ಭಾಳ ಸ್ಪಷ್ಟ ಅದ,” ಎಂದು ಸಾಹೇಬರು ನನ್ನ ಹೆಸರನ್ನು ಕಾಯಂಗೆ ಶಿಫಾರಸು ಮಾಡಿಯೇ ಹೋದರು.

ಇಂದಿಗೂ ಯಾರಾದರೂ ನನ್ನ ಇಂಗ್ಲಿಷ್ ಕೇಳಿ ಮುಸಿಮುಸಿ ನಕ್ಕರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಗಲಿ ಬಿಡಿ. ಇದು ಸರ್ಕಾರವೇ ಪರೀಕ್ಷಿಸಿ ಕಾಯಂ ಮಾಡಿದ ಉಚ್ಚಾರ.